ಹೊರದೇಶದಿಂದ ಲ್ಯಾಪ್‌ಟಾಪ್ ತರಿಸೋ ಮುಂಚೆ ಈ ಲೆಕ್ಕ ಹಾಕಿ

ಮುಂಬೈ ಕನ್ನಡಿಗರ ಮನೆಗಳಲ್ಲಿ ಯಾರಾದರೂ ಒಬ್ಬರು ಹೊರದೇಶದಲ್ಲಿ ಇದ್ದೇ ಇರುತ್ತಾರೆ. ದುಬೈಯಲ್ಲಿ ಭಾವ, ನ್ಯೂಜೆರ್ಸಿಯಲ್ಲಿ ಅಕ್ಕನ ಮಗ, ಜರ್ಮನಿಗೆ ಓದೋಕೆ ಹೋದ ಪಕ್ಕದ ಮನೆ ಹುಡುಗಿ. ಹಾಗಾಗಿ ಲ್ಯಾಪ್‌ಟಾಪ್ ಬೇಕು ಅಂದ ತಕ್ಷಣ ಬರುವ ಮೊದಲ ಮಾತು, "ಅವನು ಡಿಸೆಂಬರ್‌ನಲ್ಲಿ ಬರ್ತಾನಲ್ವಾ, ಅವನ ಕೈಲೇ ತರಿಸಿದ್ರಾಯ್ತು, ಅಲ್ಲಿ ತುಂಬಾ ಕಮ್ಮಿ."

ನಾನು ಡೊಂಬಿವಲಿಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಸಂಘಗಳ ಸ್ಮರಣ ಸಂಚಿಕೆ, ಮದುವೆ ಕಾಗದ, ಪುಸ್ತಕದ ಪುಟ, ಹೀಗೆ. ಕಂಪ್ಯೂಟರ್ ಮುಂದೆ ಕೂತಿರುವವನು ಅಂತ ಜನ ಈ ಪ್ರಶ್ನೆಯನ್ನು ನನಗೆ ಕೇಳುತ್ತಲೇ ಇರುತ್ತಾರೆ. ಮೊನ್ನೆ ನಮ್ಮ ಬಿಲ್ಡಿಂಗಿನ ಅಕ್ಕ ಒಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಈ ವರ್ಷ ಎಂಜಿನಿಯರಿಂಗ್ ಸೇರಿದ್ದಾನೆ. ಇವರ ಮನೆಯಲ್ಲಿ 1 ಸಾವಿರ ರೂಪಾಯಿ ಉಳಿದರೂ ಅದು ದೊಡ್ಡದೇ. ಅದಕ್ಕೇ ಸುಮ್ನೆ "ತರಿಸಿ" ಅಥವಾ "ಬೇಡ" ಅಂತ ಹೇಳಿ ಕಳಿಸೋಕೆ ಮನಸ್ಸು ಬರಲಿಲ್ಲ. ಕಾಗದ ತಗೊಂಡು ಲೆಕ್ಕ ಹಾಕಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ನಂಬಿಕೆ. "ಇಲ್ಲಿ ಕಸ್ಟಮ್ಸ್ ಡ್ಯೂಟಿ ಜಾಸ್ತಿ, ಅದಕ್ಕೇ ರೇಟು ಜಾಸ್ತಿ" ಅಂತ ಎಲ್ಲರೂ ಹೇಳುತ್ತಾರೆ. ಲ್ಯಾಪ್‌ಟಾಪ್ ಮೇಲೆ ಮೂಲ ಆಮದು ಸುಂಕ ಸೊನ್ನೆ. ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸಹಿ ಹಾಕಿರುವುದರಿಂದ ಹಾಗೆ. ಇಲ್ಲಿ ನಾವು ಕಟ್ಟುವುದು ಶೇ. 18 ಜಿಎಸ್‌ಟಿ. ಅದು ಇಲ್ಲಿನ ಬೆಲೆಯೊಳಗೇ ಸೇರಿರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ವೆಬ್‌ಸೈಟಿನಲ್ಲಿ ಕಾಣುವುದು ತೆರಿಗೆ ಇಲ್ಲದ ಬೆಲೆ, ಮಾರಾಟ ತೆರಿಗೆ ಬಿಲ್ ಮಾಡುವಾಗ ಸೇರುತ್ತದೆ, ಅದೂ ರಾಜ್ಯಕ್ಕೊಂದು ಥರ. ಒರೆಗಾನ್, ಡೆಲಾವೇರ್ ಥರದ ರಾಜ್ಯಗಳಲ್ಲಿ ಅದು ಇಲ್ಲವೇ ಇಲ್ಲ. ನ್ಯೂಜೆರ್ಸಿಯಲ್ಲಿ ಶೇ. 6.625. ಕ್ಯಾಲಿಫೋರ್ನಿಯಾದಲ್ಲಿ ಶೇ. 7.25ರಿಂದ ಶುರು, ಊರಿನ ತೆರಿಗೆ ಅದರ ಮೇಲೆ. ನಾವು ಇಲ್ಲಿ ಕೂತು ತೆರಿಗೆ ಸೇರಿದ ಬೆಲೆಯನ್ನು ತೆರಿಗೆ ಸೇರದ ಬೆಲೆ ಜೊತೆ ಹೋಲಿಸಿ ಖುಷಿ ಪಡುತ್ತೇವೆ.

ನಿಜವಾದ ಒಂದು ಉದಾಹರಣೆ ತಗೊಳ್ಳಿ. 2025ರ ಮಾರ್ಚ್‌ನಲ್ಲಿ ಎಂ4 ಚಿಪ್ಪಿನ ಮ್ಯಾಕ್‌ಬುಕ್ ಏರ್ ಬಂತು. ಅಮೆರಿಕದಲ್ಲಿ 999 ಡಾಲರ್, ಇಲ್ಲಿ 99,900 ರೂಪಾಯಿ. ಆಗ ಡಾಲರ್ ಸುಮಾರು 87 ರೂಪಾಯಿ ಇತ್ತು. ನೇರ ಗುಣಿಸಿದರೆ ಸುಮಾರು 86,900. 13 ಸಾವಿರ ಉಳಿತಾಯ ಅನ್ನಿಸುತ್ತದೆ. ನ್ಯೂಜೆರ್ಸಿ ತೆರಿಗೆ ಸೇರಿಸಿ, 92,700 ಹತ್ತಿರ ಬಂತು. ಈಗ ಉಳಿಯುವುದು 7 ಸಾವಿರ. ನಿಮ್ಮದೇ ಕ್ರೆಡಿಟ್ ಕಾರ್ಡ್ ಕೊಟ್ಟರೆ ತುಂಬಾ ಬ್ಯಾಂಕುಗಳು ವಿದೇಶಿ ಖರ್ಚಿಗೆ ಶೇ. 3.5ರಷ್ಟು ಮಾರ್ಕಪ್ (ಹೆಚ್ಚುವರಿ ಶುಲ್ಕ) ಹಾಕುತ್ತವೆ, ಆ ಮಾರ್ಕಪ್ ಮೇಲೆ ಮತ್ತೆ ಶೇ. 18 ಜಿಎಸ್‌ಟಿ. ಅಲ್ಲಿಗೆ ಇನ್ನೂ 3,800 ಹೋಯ್ತು. ಉಳಿದಿದ್ದು 3,400 ರೂಪಾಯಿ ಚಿಲ್ಲರೆ. ಅದೇ ಮಾಡೆಲ್ ಇಲ್ಲೇ ವಿದ್ಯಾರ್ಥಿ ರಿಯಾಯಿತಿಯಲ್ಲಿ 89,900ಕ್ಕೆ ಸಿಗುತ್ತಿತ್ತು! ನಮ್ಮ ಬಿಲ್ಡಿಂಗಿನ ಅಕ್ಕನ ಮಗನ ಹತ್ತಿರ ಕಾಲೇಜಿನ ಐಡಿ ಕಾರ್ಡ್ ಇದೆ. ನ್ಯೂಜೆರ್ಸಿಯಿಂದ ತರಿಸುವುದಕ್ಕಿಂತ ಇಲ್ಲಿ ತಗೊಂಡರೇ ಕಮ್ಮಿ. ಈ ಸಾಲು ಬರೆದಾಗ ಅವನ ಮುಖ ನೋಡಬೇಕಿತ್ತು. ಅಷ್ಟರಲ್ಲಿ ಹೊರದೇಶದ ಮಾವನಿಗೆ ಹಾಕಬೇಕು ಅಂತ ಮೆಸೇಜ್ ಟೈಪ್ ಮಾಡಿ ಇಟ್ಟುಕೊಂಡಿದ್ದ.

ನನ್ನ ಥರ ಸ್ವಂತ ಕೆಲಸ ಮಾಡುವವರಿಗೆ ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಹೇಳಲ್ಲ. ನಿಮ್ಮದು ಜಿಎಸ್‌ಟಿ ನೋಂದಣಿ ಆಗಿದ್ದು, ಕಾಂಪೊಸಿಷನ್ ಸ್ಕೀಮಿನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ವ್ಯವಸ್ಥೆ) ಇಲ್ಲದೆ ಇದ್ದು, ಲ್ಯಾಪ್‌ಟಾಪ್ ನಿಜವಾಗಿಯೂ ಕೆಲಸಕ್ಕೇ ಆಗಿದ್ದರೆ, ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿಕೊಳ್ಳಿ. ಆ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಲೆಕ್ಕಕ್ಕೆ ಬರುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳಬಹುದು. 99,900ರಲ್ಲಿ 15,239 ರೂಪಾಯಿ ತೆರಿಗೆ. ಅದನ್ನು ಕಳೆದರೆ ನಿಮಗೆ ಬಿದ್ದ ಬೆಲೆ 84,661. ತೆರಿಗೆಯೇ ಇಲ್ಲದ ಒರೆಗಾನ್‌ನಲ್ಲಿ ಕೊಂಡಿದ್ದರೂ ಇಷ್ಟು ಕಮ್ಮಿ ಆಗುತ್ತಿರಲಿಲ್ಲ. ಸಂಬಂಧಿಕರ ಸೂಟ್‌ಕೇಸಿನಲ್ಲಿ ಬಂದ ಲ್ಯಾಪ್‌ಟಾಪಿಗೆ ಈ ಕ್ರೆಡಿಟ್ ಸಿಗಲ್ಲ.

ಯುರೋಪಿನಿಂದ ತರಿಸುವ ಆಸೆ ಬಿಟ್ಟುಬಿಡಿ. ಜರ್ಮನಿಯಲ್ಲಿ ವ್ಯಾಟ್ ಶೇ. 19, ಇಲ್ಲಿಗಿಂತ ಒಂದು ಜಾಸ್ತಿ. ಅದು ವಾಪಸ್ ಸಿಗುವುದು ಯುರೋಪಿಯನ್ ಒಕ್ಕೂಟದ ಹೊರಗೆ ವಾಸ ಮಾಡುವವರಿಗೆ ಮಾತ್ರ. ಅಲ್ಲೇ ಇರುವ ಹುಡುಗಿಗೆ ಸಿಗಲ್ಲ. ಲಂಡನ್ ಅಂತೂ 2021ರಿಂದ ಪ್ರವಾಸಿಗಳಿಗೂ ಆ ಸೌಲಭ್ಯ ನಿಲ್ಲಿಸಿದೆ. ದುಬೈಯಲ್ಲಿ ಶೇ. 5 ವ್ಯಾಟ್, ಅದು ಪರವಾಗಿಲ್ಲ.

ಕೊರಿಯರ್‌ನಲ್ಲಿ ತರಿಸಬಹುದಾ? 2023ರ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪ್ ಆಮದಿಗೆ ಲೈಸೆನ್ಸ್ ಬೇಕು ಅಂತ ಆದೇಶ ಹೊರಡಿಸಿತು, ಗಲಾಟೆ ಆಗಿ ಮರುದಿನವೇ ಅದನ್ನು ಮುಂದಕ್ಕೆ ಹಾಕಿತು. ಆ ಆದೇಶದಲ್ಲೇ ಆನ್‌ಲೈನ್ ಅಂಗಡಿಯಿಂದ ಅಂಚೆ ಅಥವಾ ಕೊರಿಯರ್‌ನಲ್ಲಿ ಒಂದು ಲ್ಯಾಪ್‌ಟಾಪ್ ತರಿಸಲು ಲೈಸೆನ್ಸ್ ಬೇಡ ಅಂತ ಇತ್ತು. ಆದರೆ ಅನ್ವಯಿಸುವ ತೆರಿಗೆ, ಸುಂಕ ಕಟ್ಟಲೇಬೇಕು. ಅಂದರೆ ತಪ್ಪಿಸಬೇಕು ಅಂದುಕೊಂಡ ತೆರಿಗೆಯನ್ನೇ ಇಲ್ಲಿ ಕಟ್ಟಿ, ಮೇಲೆ ಕೊರಿಯರ್ ಚಾರ್ಜು. ಬೇಡವೇ ಬೇಡ.

ಹಾಗಾಗಿ ದಾರಿ ಒಂದೇ, ಯಾರಾದರೂ ಬರುವಾಗ ಕೈಯಲ್ಲಿ ತರುವುದು. 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕ ಇಲ್ಲದೆ ತರಬಹುದು, ಉಳಿದ ಸಾಮಾನಿನ ಮಿತಿಗೆ ಇದು ಸೇರುವುದಿಲ್ಲ. ಒಂದು ಅಂದರೆ ಒಂದು. ಇದನ್ನೇ ಸಂಬಂಧಿಕರು ಮರೆಯುತ್ತಾರೆ. ಹುಡುಗನ ಬ್ಯಾಗಿನಲ್ಲಿ ಆಫೀಸಿನ ಲ್ಯಾಪ್‌ಟಾಪ್ ಇರುತ್ತದೆ, ಜೊತೆಗೆ ನಮಗೊಂದು, ಅವರ ಅತ್ತೆ ಮನೆಗೊಂದು. ಹದಿನಾರು ಗಂಟೆ ವಿಮಾನದಲ್ಲಿ ಕೂತು, ಮಕ್ಕಳನ್ನು ಎತ್ತಿಕೊಂಡು ಮುಂಬೈಯ ಟರ್ಮಿನಲ್ 2ರಲ್ಲಿ ಇಳಿದವನು ನಮ್ಮ 7 ಸಾವಿರಕ್ಕಾಗಿ ಕಸ್ಟಮ್ಸ್ ಅಧಿಕಾರಿ ಮುಂದೆ ನಿಂತು ಉತ್ತರ ಕೊಡಬೇಕು. ಇದು ನನಗೆ ನಿಜವಾಗಿಯೂ ಸರಿ ಅನ್ನಿಸಲ್ಲ. ಅವನಾಗಿ "ತರ್ತೀನಿ" ಅಂದರೆ ಬೇರೆ ಮಾತು.

ಇನ್ನು ರಿಪೇರಿ. ನನ್ನ ಸ್ನೇಹಿತರೊಬ್ಬರು ಲಂಡನ್‌ನಿಂದ ತರಿಸಿದ ಲ್ಯಾಪ್‌ಟಾಪಿನ ಮೇಲೆ ಚಹಾ ಚೆಲ್ಲಿತು. ಅವರ ಜೊತೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿದ್ದೆ. ರಿಪೇರಿ ಹುಡುಗ ಅದನ್ನು ತಿರುಗಿಸಿ, ಸಣ್ಣ ಸ್ಕ್ರೂಗಳನ್ನು ಬಿಚ್ಚಿ ಅಯಸ್ಕಾಂತದ ತಟ್ಟೆಯಲ್ಲಿ ಸಾಲಾಗಿ ಇಟ್ಟ. ಆಮೇಲೆ ಮತ್ತೆ ಮುಚ್ಚಿ, ಎಂಟರ್ ಕೀ ಸುತ್ತ ಉಗುರಲ್ಲಿ ಒಂದು ಗೆರೆ ಎಳೆದು ತೋರಿಸಿದ. ಬ್ರಿಟನ್ ಕೀಬೋರ್ಡಿನ ಎಂಟರ್ ಕೀ ಎರಡು ಸಾಲು ಎತ್ತರ ಇರುತ್ತದೆ. ನಮ್ಮ ಕಡೆ ಬರುವುದು ಅಮೆರಿಕದ ಥರ, ಅಡ್ಡಕ್ಕೆ ಉದ್ದ. ಇಲ್ಲಿ ಸಿಗುವ ಕೀಬೋರ್ಡ್ ಆ ಮಾಡೆಲಿನ ಮೇಲಿನ ಕವಚದ ಕಿಂಡಿಗೆ ಕೂರುವುದೇ ಇಲ್ಲ. ಕವಚ ಸಮೇತ ಬದಲಿಸಬೇಕು, ಇಲ್ಲ ಅಂದರೆ ಅಲ್ಲಿಂದಲೇ ಬಿಡಿಭಾಗ ತರಿಸಬೇಕು. ಆ ದೊಡ್ಡ ರಸ್ತೆಯಲ್ಲಿ ಅಂಗಡಿ ಅಂಗಡಿ ಕೇಳಿದರೂ ಸಿಗಲಿಲ್ಲ.

ಕನ್ನಡ ಟೈಪ್ ಮಾಡುವವರು ಇದನ್ನು ಇನ್ನೂ ಗಮನಿಸಬೇಕು. ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಕೀಗಳು ಅದಲು ಬದಲು. ಸಾಫ್ಟ್‌ವೇರ್‌ನಲ್ಲಿ ಲೇಔಟ್ ಬದಲಿಸಬಹುದು, ಅಚ್ಚಾದ ಅಕ್ಷರ ಬದಲಾಗಲ್ಲ. ನುಡಿ ಸಾಫ್ಟ್‌ವೇರ್‌ನಲ್ಲಿ ಕೀ ನೋಡಿ ಹೊಡೆಯುವವರಿಗೆ "ಯ" ಹುಡುಕಿದರೆ ಬೇರೇನೋ ಬರುತ್ತದೆ. ಕಣ್ಣು ಮುಚ್ಚಿ ಟೈಪ್ ಮಾಡುವವರಿಗೆ ತೊಂದರೆ ಇಲ್ಲ. ಚಾರ್ಜರ್ ಬಗ್ಗೆ ಹೆದರಬೇಡಿ. ಈಗಿನವು ಸಾಮಾನ್ಯವಾಗಿ 100ರಿಂದ 240 ವೋಲ್ಟ್ ತನಕ ತಡೆಯುತ್ತವೆ, ಚಾರ್ಜರ್ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಪಿನ್ನಿನ ವಯರ್ ಮಾತ್ರ ಬದಲಿಸಿದರೆ ಸಾಕು.

ವಾರಂಟಿ ಎಲ್ಲಾ ಕಡೆ ನಡೆಯುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಬೇಡಿ. ಒಂದೇ ಕಂಪನಿಯಲ್ಲೂ ಆಫೀಸಿಗೆ ಅಂತ ಮಾಡುವ ಮಾಡೆಲಿಗೆ ಅಂತರರಾಷ್ಟ್ರೀಯ ವಾರಂಟಿ ಇರಬಹುದು, ಮನೆ ಬಳಕೆಯ ಅಗ್ಗದ ಮಾಡೆಲಿಗೆ ಇಲ್ಲದೇ ಇರಬಹುದು. ಕೊಳ್ಳುವ ಮೊದಲೇ ಆ ಮಾಡೆಲ್ ನಂಬರ್ ಹೇಳಿ ಇಲ್ಲಿನ ಸರ್ವಿಸ್ ಸೆಂಟರಿಗೆ ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ನನ್ನ ಮಷಿನ್ ನಾಲ್ಕು ದಿನ ನಿಂತರೆ ಯಾರದೋ ಮದುವೆ ಕಾಗದ ನಿಲ್ಲುತ್ತದೆ. ಅದಕ್ಕೇ ನಾನು ಇಲ್ಲೇ ಕೊಳ್ಳುತ್ತೇನೆ, ಮೂರು ವರ್ಷದ ವಾರಂಟಿ ಸೇರಿಸಿಕೊಳ್ಳುತ್ತೇನೆ.

ಹಾಗಂತ ತರಿಸಲೇಬಾರದು ಅಂತಲ್ಲ. ಇಲ್ಲಿ ಸಿಗದ ಮಾಡೆಲ್ ಬೇಕಿದ್ದರೆ, ಅಥವಾ ನವೆಂಬರ್ ಕೊನೆಯ ಅಮೆರಿಕದ ಸೇಲ್‌ನಲ್ಲಿ ನಿಜವಾಗಿಯೂ 25-30 ಸಾವಿರದ ವ್ಯತ್ಯಾಸ ಕಂಡರೆ ತರಿಸಿ. ಆದರೆ ಅಲ್ಲಿರುವವರಿಗೆ ಡಬ್ಬಿ ತೆರೆಯದೆ ಹಾಗೇ ತನ್ನಿ ಅಂತ ಹೇಳಬೇಡಿ. ಕೊಂಡ ದಿನವೇ ತೆರೆದು, ವಿಡಿಯೊ ಕಾಲ್‌ನಲ್ಲಿ ಸ್ಕ್ರೀನ್ ಪೂರ್ತಿ ಬಿಳಿ ಮಾಡಿ, ಆಮೇಲೆ ಪೂರ್ತಿ ಕಪ್ಪು ಮಾಡಿ ಚುಕ್ಕೆ ಏನಾದರೂ ಇದೆಯಾ ನೋಡಿಸಿ, ಎಲ್ಲಾ ಕೀ ಒತ್ತಿಸಿ, ಎಲ್ಲಾ ಪೋರ್ಟಿಗೂ ವಯರ್ ಚುಚ್ಚಿಸಿ. ಅಲ್ಲಿನ ಅಂಗಡಿಗಳು ಸಾಮಾನ್ಯವಾಗಿ ಎರಡು ವಾರದವರೆಗೆ ವಾಪಸ್ ತಗೊಳ್ಳುತ್ತವೆ. ಆ ಅವಧಿ ಮುಗಿಯುವುದರೊಳಗೆ ಇದೆಲ್ಲಾ ಆಗಬೇಕು. ಬಿಲ್ಲಿನ ಫೋಟೊ ಆಗಲೇ ವಾಟ್ಸಾಪ್‌ನಲ್ಲಿ ತರಿಸಿಟ್ಟುಕೊಳ್ಳಿ, ಮೂಲ ಬಿಲ್ ಅವರ ಕೈಚೀಲದಲ್ಲೇ ಇರಲಿ.