ಆಪರೇಷನ್‌ಗೆ ಮುಂಚೆ ಸಂಧಿವಾತದ ಮಾತ್ರೆಗಳನ್ನೆಲ್ಲ ನಿಲ್ಲಿಸಬೇಕಾ?

ವಾರಕ್ಕೆ ಒಬ್ಬರಾದರೂ ನನ್ನನ್ನು ಈ ಪ್ರಶ್ನೆ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳುತ್ತಾರೆ. ಅರಸೀಕೆರೆ ಸ್ಟೇಷನ್ನಿನಲ್ಲಿ ಬೆಂಗಳೂರು ರೈಲಿಗೆ ಕಾಯುವಾಗ ಕೇಳುತ್ತಾರೆ. ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿಯೂ ಕೇಳುತ್ತಾರೆ. "ಅಕ್ಕಾ, ನಮ್ಮಮ್ಮಂಗೂ ನಿಮ್ಮ ಥರಾನೇ ರುಮಟಾಯ್ಡ್ ಇದೆ. ಮುಂದಿನ ವಾರ ಆಪರೇಷನ್. ಆ ಮಾತ್ರೆಗಳನ್ನೆಲ್ಲ ಈಗಲೇ ನಿಲ್ಲಿಸಿಬಿಡಬೇಕಾ?"

ನಾನು ಡಾಕ್ಟರ್ ಅಲ್ಲ. 2009ರಿಂದ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಸಂಧಿವಾತದ ಜೊತೆ ಬದುಕುತ್ತಿರುವವಳು. ಎರಡು ಆಪರೇಷನ್ ಆಗಿವೆ, ಮೂರನೆಯದಕ್ಕೆ ತಯಾರಾಗುತ್ತಿದ್ದೇನೆ. ನನ್ನ ಉತ್ತರ ಇಷ್ಟೇ: ನೀವಾಗಿ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ಕೆಲವನ್ನು ನಿಲ್ಲಿಸಬೇಕು, ಕೆಲವನ್ನು ನಿಲ್ಲಿಸಲೇಬಾರದು. ಯಾವುದು ಯಾವುದು ಅಂತ ಕೀಲಿನ ಡಾಕ್ಟರ ಹತ್ತಿರ ಒಂದು ಹಾಳೆಯಲ್ಲಿ ಬರೆಸಿ, ಆ ಹಾಳೆಯನ್ನು ಆಪರೇಷನ್ ಮಾಡುವವರ ಕೈಗೆ ಕೊಡಿ.

ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಅದಕ್ಕೇ ಇದನ್ನು ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಮಂಡಿ ನೋವು ಅಂದರೆ "ವಯಸ್ಸಾಯ್ತು, ಸವೆದಿದೆ" ಅಂತಾರೆ. ಸವೆತದ ಮಂಡಿ ಬೇರೆ, ನಮ್ಮದು ಬೇರೆ. ನಮ್ಮಲ್ಲಿ ದೇಹದ ಕಾವಲು ಪಡೆಯೇ ಕೀಲಿನ ಒಳಪದರದ ಮೇಲೆ ತಿರುಗಿ ಬಿದ್ದಿರುತ್ತದೆ. ಬೆರಳು, ಮಣಿಕಟ್ಟು, ಪಾದ, ಮಂಡಿ, ಕುತ್ತಿಗೆ, ಎಲ್ಲಿ ಬೇಕಾದರೂ ಊತ ಬರಬಹುದು. ಬೆಳಿಗ್ಗೆ ಎದ್ದಾಗ ಕೈ ಬಿಗಿದು, ಸಡಿಲ ಆಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಆ ಕಾವಲು ಪಡೆಯನ್ನು ತಗ್ಗಿಸಲು ನಾವು ಮಾತ್ರೆ ನುಂಗುತ್ತೇವೆ. ಆಪರೇಷನ್ ಆದ ಮೇಲೆ ಗಾಯ ಮಾಯಲು, ಕೀವು ಆಗದಿರಲು ಬೇಕಾಗುವುದೂ ಅದೇ ಪಡೆ. ಕಷ್ಟ ಇರುವುದೇ ಇಲ್ಲಿ. ಮಾತ್ರೆ ಜಾಸ್ತಿ ಆದರೆ ಸೋಂಕಿನ ಭಯ, ನಿಲ್ಲಿಸಿದರೆ ಕಾಯಿಲೆ ಕೆರಳುವ ಭಯ.

ನಾನು ಮೊದಲ ಸಲ ನಿಲ್ಲಿಸಿದೆ. 2014ರಲ್ಲಿ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಅಂತ ದಿನ ಗೊತ್ತಾಗಿತ್ತು. ಆಸ್ಪತ್ರೆಯ ಕೌಂಟರಿನಲ್ಲಿ ಕೂತಿದ್ದವರು ನನ್ನ ಚೀಟಿ ನೋಡಿ "ಇವೆಲ್ಲ ಎರಡು ವಾರ ಮುಂಚೆ ಬಂದ್ ಮಾಡಿ" ಅಂದರು. ಡಾಕ್ಟರನ್ನು ಮತ್ತೆ ಕೇಳಬೇಕು ಅಂತ ನನಗೂ ಅನಿಸಲಿಲ್ಲ. ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್, ಐದು ವರ್ಷದಿಂದ ದಿನಾ ತೆಗೆದುಕೊಳ್ಳುತ್ತಿದ್ದ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್, ಎಲ್ಲವನ್ನೂ ಒಂದೇ ದಿನ ಡಬ್ಬಿಗೆ ಹಾಕಿ ಮುಚ್ಚಿಟ್ಟೆ.

ನಾಲ್ಕನೆಯ ದಿನಕ್ಕೆ ಏನೋ ಸುಸ್ತು. ಹಾಸಿಗೆಯಿಂದ ಎದ್ದರೆ ಕಣ್ಣು ಕತ್ತಲೆ. ಒಂಬತ್ತನೆಯ ದಿನ ಬೆಳಿಗ್ಗೆ ಕೈಗಳು ಊದಿ, ಬೆರಳಿನ ಗೆಣ್ಣುಗಳ ಗೆರೆಯೇ ಕಾಣದಂತಾಗಿತ್ತು. ಬ್ಲೌಸಿನ ಹುಕ್ ಹಾಕಲು ಆಗಲಿಲ್ಲ. ಮಗಳು ಆಗ ಏಳನೇ ಕ್ಲಾಸು. ಅವಳೇ ಹುಕ್ ಹಾಕಿ, ತಲೆ ಬಾಚಿ, ಜಡೆ ಹಾಕಿ, ಸ್ಕೂಲಿಗೆ ತಡವಾಗಿ ಹೋದಳು. ಆಪರೇಷನ್ ಆರು ವಾರ ಮುಂದಕ್ಕೆ ಹೋಯಿತು. ನೆಟ್ಟಗಾಗಲು ಮೂರು ತಿಂಗಳು ಹಿಡಿಯಿತು.

ಆಮೇಲೆ ಬೆಂಗಳೂರಿನ ನನ್ನ ಕೀಲಿನ ಡಾಕ್ಟರು, ಅಂದರೆ ರುಮಟಾಲಜಿ ಡಾಕ್ಟರು, ಕೂರಿಸಿಕೊಂಡು ಒಂದೊಂದೇ ಮಾತ್ರೆಯ ಲೆಕ್ಕ ಹೇಳಿದರು.

ಸ್ಟೀರಾಯ್ಡ್‌ನಿಂದಲೇ ಶುರು ಮಾಡುತ್ತೇನೆ, ಜೀವಕ್ಕೆ ತಟ್ಟುವುದು ಅದು. ಮೂತ್ರಪಿಂಡಗಳ ಮೇಲೆ ಕೂತಿರುವ ಎರಡು ಸಣ್ಣ ಗ್ರಂಥಿಗಳು ದಿನಾ ನಮಗೆ ಬೇಕಾದ ಕಾರ್ಟಿಸಾಲ್, ಅಂದರೆ ದೇಹದ ಸ್ವಂತ ಸ್ಟೀರಾಯ್ಡ್, ತಯಾರು ಮಾಡುತ್ತವೆ. ಹೊರಗಿನಿಂದ ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ಹೋಗುತ್ತಿದ್ದರೆ ಅವು ಕೆಲಸ ನಿಲ್ಲಿಸಿ ಮಲಗಿಬಿಡಬಹುದು. ಮಾತ್ರೆಯನ್ನು ತಟಕ್ಕನೆ ನಿಲ್ಲಿಸಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಬಿಪಿ ಕುಸಿಯುತ್ತದೆ. ಆಪರೇಷನ್ನಿನಂಥ ದೊಡ್ಡ ಪೆಟ್ಟನ್ನು ದೇಹ ತಡೆಯುವುದು ಕಷ್ಟವಾಗುತ್ತದೆ. ನನ್ನ ಕಣ್ಣು ಕತ್ತಲೆಗೆ ಅದೇ ಕಾರಣ ಅಂದರು. ಅದಕ್ಕೇ ದಿನದ ಸ್ಟೀರಾಯ್ಡನ್ನು ಆಪರೇಷನ್ ದಿನವೂ ಬಿಡುವ ಹಾಗಿಲ್ಲ. 2022ರಲ್ಲಿ ಮಂಡಿ ಆಪರೇಷನ್ ಆದಾಗ ಬೆಳಿಗ್ಗೆ ಐದೂವರೆಗೆ ಒಂದೇ ಗುಟುಕು ನೀರಿನಲ್ಲಿ ನುಂಗಿಸಿದರು.

ಇಲ್ಲಿ ಇನ್ನೊಂದು ಮಾತು. ಸಂಧಿವಾತಕ್ಕೆ ಅಂತ ಹೆಸರು, ವಿಳಾಸ ಏನೂ ಇಲ್ಲದ ಪುಡಿ ಪೊಟ್ಟಣ ಮಾರುತ್ತಾರಲ್ಲ, ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ತಿನ್ನುತ್ತಿದ್ದರೆ ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ. ಬೈಯಬಹುದು, ಬೈಯಲಿ. ಅರಿವಳಿಕೆ ಕೊಡುವವರಿಗೆ ಅದು ಗೊತ್ತಿರಲೇಬೇಕು.

ಮೆಥೊಟ್ರೆಕ್ಸೇಟ್ ಬಗ್ಗೆ ಜನಕ್ಕೆ ಭಯ ಜಾಸ್ತಿ. ಕ್ಯಾನ್ಸರಿಗೂ ಕೊಡುವ ಮಾತ್ರೆ ಅಂತ ಕೇಳಿರುತ್ತಾರೆ, ಅದಕ್ಕೇ ಮೊದಲು ನಿಲ್ಲಿಸುವುದು ಅದನ್ನೇ. 2001ರಲ್ಲಿ ಇಂಗ್ಲೆಂಡಿನಲ್ಲಿ ಮೂಳೆ ಕೀಲಿನ ಆಪರೇಷನ್ ಮಾಡಿಸಿಕೊಂಡ 388 ರುಮಟಾಯ್ಡ್ ರೋಗಿಗಳ ಮೇಲೆ ಮಾಡಿದ ಅಧ್ಯಯನ ಹೊರಬಂತು. ಮೆಥೊಟ್ರೆಕ್ಸೇಟ್ ಮುಂದುವರಿಸಿದ 88 ಜನರಲ್ಲಿ ಸೋಂಕು ಅಥವಾ ಆಪರೇಷನ್ನಿನ ತೊಂದರೆ ಆದದ್ದು ಇಬ್ಬರಿಗೆ. ನಿಲ್ಲಿಸಿದ 72 ಜನರಲ್ಲಿ 11 ಮಂದಿಗೆ. ಈ ಎರಡು ಗುಂಪಿನಲ್ಲಿ ಕಾಯಿಲೆ ಕೆರಳಿದ್ದೂ ನಿಲ್ಲಿಸಿದವರಲ್ಲೇ, ಮುಂದುವರಿಸಿದವರಲ್ಲಿ ಒಬ್ಬರಿಗೂ ಇಲ್ಲ. ಡಾಕ್ಟರು ಈ ಲೆಕ್ಕ ಹೇಳಿದಾಗ ನನಗೆ ಅಳು ಬಂತು. ನಾನು ಮುಚ್ಚಿಟ್ಟ ಡಬ್ಬಿ ನೆನಪಾಯಿತು.

ಮಂಡಿ ಮತ್ತು ಸೊಂಟದ ಕೀಲು ಬದಲಿಸುವ ಆಪರೇಷನ್ನುಗಳಿಗಾಗಿ ಅಮೆರಿಕದ ಕೀಲು ರೋಗ ತಜ್ಞರೂ ಮೂಳೆ ಸರ್ಜನ್ನರೂ ಸೇರಿ 2017ರಲ್ಲಿ ಒಂದು ಮಾರ್ಗಸೂಚಿ ಮಾಡಿದರು. 2022ರಲ್ಲಿ ಅದನ್ನು ತಿದ್ದಿದರು. ನನ್ನ ಡಾಕ್ಟರೂ ಅದನ್ನೇ ಅನುಸರಿಸುತ್ತಾರೆ. ಮೆಥೊಟ್ರೆಕ್ಸೇಟ್, ಸಲ್ಫಾಸಲಜಿನ್, ಹೈಡ್ರಾಕ್ಸಿಕ್ಲೋರೊಕ್ವಿನ್, ಲೆಫ್ಲುನೊಮೈಡ್, ಇವುಗಳನ್ನು ಎಂದಿನಂತೆ ಮುಂದುವರಿಸಿ ಅಂತ ಅದರಲ್ಲಿದೆ. ಮೈಯಲ್ಲಿ ಸೋಂಕು ಇದ್ದರೆ, ಕಿಡ್ನಿಗೆ ತೊಂದರೆ ಇದ್ದರೆ ಡಾಕ್ಟರು ಬೇರೆ ಥರ ಹೇಳಬಹುದು. ನೋವಿನ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆಗಳ ಲೆಕ್ಕ ಬೇರೆಯೇ. ಅದನ್ನು ಸರ್ಜನ್ ಹೇಳುತ್ತಾರೆ.

ನಿಲ್ಲಿಸಬೇಕಾದದ್ದು ಬಯಾಲಜಿಕ್ ಇಂಜೆಕ್ಷನ್ನುಗಳನ್ನು, ಅಂದರೆ ಕಾವಲು ಪಡೆಯ ಒಂದೊಂದು ಭಾಗವನ್ನೇ ಗುರಿ ಹಿಡಿದು ತಡೆಯುವಂಥವನ್ನು. ನಾನು ಎರಡು ವಾರಕ್ಕೊಮ್ಮೆ ಅಡಾಲಿಮುಮ್ಯಾಬ್ ಚುಚ್ಚಿಕೊಳ್ಳುತ್ತೇನೆ. ಒಂದು ಡೋಸ್ ಬಿಟ್ಟು, ಕೊನೆಯ ಇಂಜೆಕ್ಷನ್ ಆದ ಮೂರನೆಯ ವಾರದಲ್ಲಿ ಆಪರೇಷನ್. ಹೊಲಿಗೆ ಬಿಚ್ಚಿ, ಗಾಯ ಒಣಗಿ, ಕೆಂಪು, ಊತ, ಸೋರುವುದು ಏನೂ ಇಲ್ಲ ಅಂತ ಕಂಡ ಮೇಲೆ ಮತ್ತೆ ಶುರು. ಅದಕ್ಕೆ ಸುಮಾರು ಎರಡು ವಾರ ಬೇಕು. ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ತೆಗೆದುಕೊಳ್ಳುವವರಿಗೆ ಏಳನೆಯ ತಿಂಗಳಲ್ಲಿ ಆಪರೇಷನ್ ಇಟ್ಟುಕೊಳ್ಳುತ್ತಾರೆ. ಟೊಫಾಸಿಟಿನಿಬ್ ಇಂಜೆಕ್ಷನ್ ಅಲ್ಲ, ಮಾತ್ರೆ; ಆದರೂ ಅದನ್ನು ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸುತ್ತಾರೆ. ನೋಡಿ, ಒಬ್ಬರ ತಾರೀಖು ಇನ್ನೊಬ್ಬರಿಗೆ ಹೊಂದುವುದೇ ಇಲ್ಲ. ಅದಕ್ಕೇ ಫೋನಿನಲ್ಲಿ ನಾನು ಯಾರಿಗೂ ತಾರೀಖು ಹೇಳುವುದಿಲ್ಲ.

ಇಂಜೆಕ್ಷನ್ ಬಿಟ್ಟ ಆ ವಾರಗಳು ಹಗುರವಲ್ಲ. ಕೈ ಸ್ವಲ್ಪ ಊದುತ್ತದೆ, ನಿದ್ದೆ ಕೆಡುತ್ತದೆ. ಆದರೆ ಉಳಿದ ಮಾತ್ರೆಗಳು ನಡೆಯುತ್ತಿದ್ದರೆ ತಡೆದುಕೊಳ್ಳಬಹುದು. 2014ರಂತೆ ಆಗಲಿಲ್ಲ.

ಮಾತ್ರೆಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಕುತ್ತಿಗೆಯ ಬಗ್ಗೆ ಒಬ್ಬರೂ ಕೇಳುವುದಿಲ್ಲ. ನನಗೆ ಅದರದೇ ಚಿಂತೆ ಜಾಸ್ತಿ.

ತುಂಬಾ ವರ್ಷ ರುಮಟಾಯ್ಡ್ ಇದ್ದವರಲ್ಲಿ ಕುತ್ತಿಗೆಯ ಮೊದಲ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲ ಆಗಿರಬಹುದು. ನೋವೇ ಇಲ್ಲದೆಯೂ ಆಗಿರಬಹುದು. ಪೂರ್ತಿ ಅರಿವಳಿಕೆ ಕೊಡುವಾಗ ತಲೆಯನ್ನು ಹಿಂದಕ್ಕೆ ಬಾಗಿಸಿ ಗಂಟಲಿಗೆ ಕೊಳವೆ ಹಾಕುತ್ತಾರೆ. ಆಗ ನಮಗೆ ಎಚ್ಚರ ಇರುವುದಿಲ್ಲ, "ಅಯ್ಯೋ ನೋವು" ಅನ್ನಲು ಆಗುವುದಿಲ್ಲ. ಸಡಿಲವಾದ ಮೂಳೆ ಜರುಗಿ ಬೆನ್ನುಹುರಿಯನ್ನು ಒತ್ತಿದರೆ ಕೈಕಾಲಿನ ಬಲವೇ ಹೋಗಬಹುದು. ಅದಕ್ಕೆ ತಲೆ ಮುಂದಕ್ಕೆ ಬಾಗಿಸಿ ಒಂದು, ಹಿಂದಕ್ಕೆ ಬಾಗಿಸಿ ಒಂದು ಎಕ್ಸ್‌ರೇ ತೆಗೆಸಬೇಕು. ಮಂಡಿ ಆಪರೇಷನ್ನಿಗೆ ಬಂದವಳಿಗೆ ಕುತ್ತಿಗೆ ಎಕ್ಸ್‌ರೇ ಯಾಕೆ ಅಂತ ನಮ್ಮ ಮನೆಯವರೇ ಕೇಳಿದ್ದರು.

ಅರಿವಳಿಕೆ ಡಾಕ್ಟರು ನನ್ನನ್ನು ನೋಡಲು ಬಂದ ಸಂಜೆ ಚೆನ್ನಾಗಿ ನೆನಪಿದೆ. "ಬಾಯಿ ಅಗಲ ಮಾಡಿ. ನಿಮ್ಮ ಮೂರು ಬೆರಳು ನಿಲ್ಲಿಸಿ ಇಡಿ" ಅಂದರು. ನನ್ನ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿಬಿಟ್ಟಿವೆ, ಮೂರನ್ನು ಜೋಡಿಸಿ ನೆಟ್ಟಗೆ ಹಿಡಿಯಲು ಬರಲಿಲ್ಲ. ಅವರು ಒಂದು ಕ್ಷಣ ನನ್ನ ಕೈ ನೋಡಿ, ಗ್ಲೌಸ್ ಹಾಕಿಕೊಂಡು ತಮ್ಮ ಬೆರಳಿನಲ್ಲೇ ಅಳೆದರು. ಎರಡೇ ಹಿಡಿಸಿತು. ದವಡೆಯ ಕೀಲೂ ಬಿಗಿದಿದೆ ಅಂತ ನನಗೆ ಅವತ್ತೇ ಗೊತ್ತಾದದ್ದು. "ದನಿ ಗೊಗ್ಗರು ಆಗುತ್ತಾ?" ಅಂತಲೂ ಕೇಳಿದರು. ಗಂಟಲಿನ ಒಳಗೂ ಪುಟ್ಟ ಕೀಲುಗಳಿವೆಯಂತೆ, ಅವೂ ಊದಬಹುದಂತೆ. ಎಲ್ಲ ನೋಡಿ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದು ಅಂತ ತೀರ್ಮಾನ ಮಾಡಿದರು. ಅವರು ಕೊಟ್ಟ ಆ ಹದಿನೈದು ನಿಮಿಷಕ್ಕೆ ನಾನು ಇವತ್ತಿಗೂ ಋಣಿ.

ಆಪರೇಷನ್ ಮಂಡಿಗೆ. ಆದರೆ ಎದ್ದು ನಡೆಯಲು ಬೇಕಾದದ್ದು ಕೈ. ವಾಕರ್ ಹಿಡಿಯುವಾಗ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ನನ್ನ ಮಣಿಕಟ್ಟು ತುಂಬಿದ ಚೊಂಬನ್ನೇ ಎತ್ತುವುದಿಲ್ಲ. ಫಿಸಿಯೋಥೆರಪಿ ಹುಡುಗಿ ಮೊದಲೇ ಯೋಚನೆ ಮಾಡಿ, ಮೊಳಕೈಯಿಂದ ಮುಂಗೈವರೆಗೆ ಊರುವಂಥ ಪಟ್ಟಿ ಇರುವ ವಾಕರ್ ತರಿಸಿದಳು. ಆಪರೇಷನ್ನಿಗೆ ಹತ್ತು ದಿನ ಮುಂಚೆಯೇ ಮನೆಯ ಪಡಸಾಲೆಯಲ್ಲಿ ಅದರಲ್ಲಿ ನಡೆದು ಅಭ್ಯಾಸ ಮಾಡಿಕೊಂಡೆ. ನರ್ಸನ್ನು ಕರೆಯುವ ಬೆಲ್ಲಿನ ಗುಂಡಿ ಒತ್ತಲು ಹೆಬ್ಬೆರಳಿಗೆ ಶಕ್ತಿ ಇಲ್ಲ ಅಂತ ಮೊದಲೇ ಹೇಳಿದ್ದೆ, ಮಂಚದ ಪಕ್ಕ ಅಲ್ಲಾಡಿಸುವ ಗಂಟೆಯೊಂದನ್ನು ಇಟ್ಟುಕೊಳ್ಳಲು ಬಿಟ್ಟರು. ಸ್ಟೀರಾಯ್ಡ್ ತಿಂದ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ, ಪ್ಲಾಸ್ಟರ್ ಕಿತ್ತರೆ ಜೊತೆಗೇ ಬರುತ್ತದೆ. ಅದನ್ನು ಮಾತ್ರ ಹೇಳಲು ಮರೆತೆ. ಕೈ ಮೇಲೆ ಆ ಗುರುತು ಇನ್ನೂ ಇದೆ.

ಹಾಳೆ ಬರೆಸಿಕೊಳ್ಳಿ ಅನ್ನುತ್ತೇನಲ್ಲ, ಅದು ನನ್ನನ್ನು ಕಾಪಾಡಿದ ಕಥೆ ಹೇಳುತ್ತೇನೆ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ನನ್ನದು ಭಾನುವಾರ ರಾತ್ರಿ. ಆಪರೇಷನ್ ಸೋಮವಾರ ಆಯಿತು. ಮಂಗಳವಾರ ರಾತ್ರಿ ಸಿಸ್ಟರ್ ತಂದ ಕಾಗದದ ಲೋಟದಲ್ಲಿ ಹಳದಿ ಬಣ್ಣದ ಚಿಕ್ಕ ಮಾತ್ರೆಗಳು ಕಂಡವು. ಹದಿಮೂರು ವರ್ಷ ನೋಡಿದ ಮಾತ್ರೆ, ಗುರುತು ಸಿಗದೇ ಇರುತ್ತಾ? "ಸಿಸ್ಟರ್, ಇವು ಭಾನುವಾರದ್ದು" ಅಂದೆ. "ಚಾರ್ಟಿನಲ್ಲಿ ದಿನಾ ಅಂತ ಇದೆಯಮ್ಮ" ಅಂದರು. ಪಾಪ, ಬರೆದದ್ದನ್ನೇ ಅವರು ಮಾಡುತ್ತಿದ್ದರು. ತಲೆದಿಂಬಿನ ಕೆಳಗಿಂದ ನನ್ನ ಹಾಳೆ ತೆಗೆದು ಕೊಟ್ಟೆ. ಅದರಲ್ಲಿ ಕೆಂಪು ಶಾಯಿಯಲ್ಲಿ "ವಾರಕ್ಕೆ ಒಂದೇ ಸಲ, ಭಾನುವಾರ" ಅಂತ ಡಾಕ್ಟರೇ ಬರೆದಿದ್ದರು. ಸಿಸ್ಟರ್ ಹಾಳೆ ಹಿಡಿದು ಡ್ಯೂಟಿ ಡಾಕ್ಟರ ಹತ್ತಿರ ಓಡಿದರು. ಈ ಮಾತ್ರೆಯನ್ನು ತಪ್ಪಾಗಿ ದಿನಾ ತೆಗೆದುಕೊಂಡರೆ ಬಾಯೆಲ್ಲ ಹುಣ್ಣಾಗುತ್ತದೆ, ರಕ್ತ ಕಣಗಳು ಕುಸಿಯುತ್ತವೆ, ಜೀವವೇ ಹೋಗಬಹುದು. ಬೇರೆ ಬೇರೆ ದೇಶಗಳಲ್ಲಿ ಹೀಗೆ ಜನ ಸತ್ತಿದ್ದಾರೆ. ನಿಮ್ಮ ಮನೆಯವರು ಆಸ್ಪತ್ರೆಯಲ್ಲಿ ಮಂಪರಿನಲ್ಲಿದ್ದರೆ, ಜೊತೆಗೆ ಇರುವವರಿಗೆ ಆ ಮಾತ್ರೆಯ ಬಣ್ಣ, ವಾರ ಎರಡೂ ಗೊತ್ತಿರಲಿ. ಇದೊಂದನ್ನು ಕೈಮುಗಿದು ಕೇಳುತ್ತೇನೆ.

"ಆಪರೇಷನ್ ಆದ ಮೇಲೆ ಸಂಧಿವಾತವೇ ಹೋಯ್ತಾ?" ಅಂತಲೂ ಕೇಳುತ್ತಾರೆ. ಇಲ್ಲ. ಬದಲಾದದ್ದು ಒಂದು ಮಂಡಿ. ಅಲ್ಲಿ ಈಗ ಲೋಹ ಮತ್ತು ಪ್ಲಾಸ್ಟಿಕ್ ಇದೆ, ಅಲ್ಲಿ ನೋವಿಲ್ಲ. ಉಳಿದ ಕೀಲುಗಳಿಗೆ ಮಾತ್ರೆ ನಡೆಯುತ್ತಲೇ ಇದೆ. ಆದರೆ ಆ ಒಂದು ಮಂಡಿಯಿಂದ ಸ್ಟೇಷನ್ನಿನ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತುತ್ತೇನೆ. ಅದು ಸಣ್ಣ ಮಾತಲ್ಲ.

ಈಗ ಎಡ ಮಂಡಿಯ ಸರದಿ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಒಂದು ಹುಳುಕು ತುಂಬಿಸಿಕೊಂಡೆ. ಬಾಯಲ್ಲಿ ಸೋಂಕು ಇಟ್ಟುಕೊಂಡು ಹೊಸ ಕೀಲು ಹಾಕಿಸಿಕೊಳ್ಳುವ ಹಾಗಿಲ್ಲ. ಪಾದದ ಬಿರುಕಿಗೆ ಮುಲಾಮು ನಡೆದಿದೆ. ಹೋದ ಶುಕ್ರವಾರ ಕುತ್ತಿಗೆಯ ಎಕ್ಸ್‌ರೇ ಹೊಸದಾಗಿ ಆಯಿತು. ಹೊಸ ಹಾಳೆಯೂ ಬಂದಿದೆ, ಐದು ಸಾಲು. ನಾಲ್ಕರ ಮುಂದೆ "ಮುಂದುವರಿಸಿ" ಅಂತ ಇದೆ. ಅಡಾಲಿಮುಮ್ಯಾಬ್ ಮುಂದೆ ತಾರೀಖಿನ ಜಾಗ ಖಾಲಿ ಇದೆ. ಸರ್ಜನ್ ದಿನ ಕೊಟ್ಟ ಮೇಲೆ ಹಿಂದಕ್ಕೆ ಎಣಿಸಿ ತುಂಬಬೇಕು.