ಒದ್ದೆಯಾದ ಬೂದಿ

ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಹಿಂದಿನ ಸಂಜೆಯೇ ಹಂಡೆಯನ್ನೋ ಬಾಯ್ಲರನ್ನೋ ತಿಕ್ಕಿ ತೊಳೆದು, ಅರಿಸಿನ ಕುಂಕುಮವಿಟ್ಟು ಹೊಸ ನೀರು ತುಂಬುವುದು ನಮ್ಮ ಕಡೆಯ ಪದ್ಧತಿ. ನೀರು ತುಂಬುವ ಹಬ್ಬವೆಂದು ಕರೆಯುವ ಈ ಆಚರಣೆಯಿಂದ ಒಂದು ದೊಡ್ಡ ಉಪಕಾರವೂ ಆಗುತ್ತದೆ. ವರ್ಷವಿಡೀ ಮಸಿ ಮೆತ್ತಿಕೊಂಡು ಬಚ್ಚಲಿನ ಮೂಲೆಯಲ್ಲಿ ನಿಂತಿರುವ ಬಾಯ್ಲರ್ ಆ ಒಂದು ದಿನವಾದರೂ ಪೂರ್ತಿ ಬರಿದಾಗಿ, ಒಳಗೂ ಹೊರಗೂ ನಮ್ಮ ಕಣ್ಣಿಗೆ ಬೀಳುತ್ತದೆ. ಮೈಸೂರಿನ ಒಂಟಿಕೊಪ್ಪಲಿನಲ್ಲಿರುವ ನಮ್ಮ ಮನೆಯ ತಾಮ್ರದ ಬಾಯ್ಲರಿನ ಕಾಲ ಮುಗಿದಿದೆಯೆಂದು ತಿಳಿದದ್ದು ಹಾಗೆ ತೊಳೆಯಲು ಹೊರಟ ದಿನವೇ.

ಮೊದಲು ಗಮನಿಸಿದವರು ಅಮ್ಮ. ಒಲೆಯ ಬಾಯಿಂದ ಬೂದಿ ತೆಗೆಯುವಾಗ ಅದು ಹಿಟ್ಟಿನಂತೆ ಹಾರದೆ ಉಂಡೆಯುಂಡೆಯಾಗಿ ಬಂತು. ಹಿಂದಿನ ದಿನ ಮಳೆ ಬಂದಿರಲಿಲ್ಲ, ಬಚ್ಚಲಿನ ಮಾಡೂ ಸೋರುತ್ತಿರಲಿಲ್ಲ. ಕೆಲವು ವಾರಗಳಿಂದ ಉರಿ ಹತ್ತಲು ತಡವಾಗುತ್ತಿದೆ, ಹೊಗೆ ಹೆಚ್ಚಾಗಿದೆ, ನಡುನಡುವೆ ಚುಂಯ್ ಎಂಬ ಸದ್ದು ಕೇಳಿಸುತ್ತದೆ ಎಂದು ಅವರು ಹೇಳುತ್ತಲೇ ಇದ್ದರು. ಸೌದೆ ಹಸಿಯಿರಬೇಕೆಂದು ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಆದರೆ ಒಣಗಿದ ತೆಂಗಿನ ಮಟ್ಟೆ ಮತ್ತು ಕರಟ ಹಾಕಿದಾಗಲೂ ಅದೇ ಸದ್ದು ಬರುತ್ತಿದ್ದುದು, ಈ ಒದ್ದೆ ಬೂದಿಯನ್ನು ನೋಡಿದ ಮೇಲೆ, ಬೇರೆಯೇ ಅರ್ಥ ಕೊಡತೊಡಗಿತು.

ಬಾಯ್ಲರಿನ ರಚನೆ ಬಲ್ಲವರಿಗೆ ಈ ಲಕ್ಷಣಗಳ ಕಾರಣ ಬೇಗ ಹೊಳೆಯುತ್ತದೆ. ಹೊರಗೆ ಕಾಣುವ ಉರುಟಾದ ತಾಮ್ರದ ಮೈಯೊಳಗೆ, ನಟ್ಟನಡುವೆ, ಕೆಳಗಿನಿಂದ ಮೇಲಿನವರೆಗೆ ಒಂದು ಕೊಳವೆ ಹಾದುಹೋಗಿರುತ್ತದೆ. ಉರಿ ಮತ್ತು ಹೊಗೆ ಆ ಕೊಳವೆಯಲ್ಲಿ ಮೇಲೇರುತ್ತವೆ. ನೀರು ಕೊಳವೆಗೂ ಹೊರಮೈಗೂ ನಡುವಿನ ಜಾಗದಲ್ಲಿ ನಿಂತು ಕಾಯುತ್ತದೆ. ಅಡಿಯಲ್ಲಿ ಕಬ್ಬಿಣದ ಜಾಲರಿ, ಅದರ ಕೆಳಗೆ ಬೂದಿ. ಹೊರಮೈ ಸೋರಿದರೆ ನೀರು ನೆಲಕ್ಕೆ ಹರಿದು ಯಾರ ಕಣ್ಣಿಗಾದರೂ ಬೀಳುತ್ತದೆ. ಕೊಳವೆ ಸೋರಿದರೆ ನೀರು ಬೆಂಕಿಯ ಮೇಲೇ ಬಿದ್ದು ಆವಿಯಾಗಿ ಹೋಗುವುದರಿಂದ ನೆಲವೆಲ್ಲ ಒಣಗಿಯೇ ಇರುತ್ತದೆ, ಸಾಕ್ಷಿ ಹೇಳಲು ಬೂದಿಯೊಂದೇ ಉಳಿಯುತ್ತದೆ. ಆದ್ದರಿಂದ ಬೆಂಕಿ ಹಾಕದೆ ಬಾಯ್ಲರನ್ನು ಕಂಠಪೂರ್ತಿ ತುಂಬಿಸಿ, ಹೊಗೆ ಹೋಗುವ ತಗಡನ್ನು ಕಳಚಿ, ಮೇಲಿನಿಂದ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಜಾಲರಿಗಿಂತ ಒಂದು ಗೇಣು ಮೇಲೆ, ಹಿಂದೆಂದೋ ಹಾಕಿಸಿದ್ದ ಬೆಸುಗೆಯ ಅಂಚಿನಲ್ಲಿ, ಹಸಿರು ಕಿಲುಬಿನ ಗೆರೆಯೊಂದು ಕೆಳಗಿಳಿದಿತ್ತು. ಅದರ ತುದಿಯಲ್ಲಿ ನೀರು ಕಟ್ಟಿಕೊಂಡು ನಿಧಾನವಾಗಿ ತೊಟ್ಟಿಕ್ಕುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ತಾಮ್ರದ ಕೆಲಸ ಮಾಡುವ ಹಿರಿಯರೊಬ್ಬರನ್ನು ಕರೆದುಕೊಂಡು ಬಂದೆ. ಅವರು ಬಂದೊಡನೆ ಬೆಸುಗೆಯ ಮಾತೆತ್ತಲಿಲ್ಲ. ನೀರು ಬಸಿದು, ಬಾಯ್ಲರನ್ನು ಗೋಣಿಚೀಲದ ಮೇಲೆ ಮಲಗಿಸಿ, ಮರದ ಸಣ್ಣ ಕೊಡತಿಯಿಂದ ಹೊರಮೈಯನ್ನು ಸುತ್ತಲೂ ತಟ್ಟುತ್ತ ಬಂದರು. ಅಲ್ಲೆಲ್ಲ ಸದ್ದು ತುಂಬಿಕೊಂಡು ಬರುತ್ತಿತ್ತು. ಅನಂತರ ಕೊಳವೆಯೊಳಗೆ ಕೈ ಹಾಕಿ, ಮಸಿಯನ್ನು ಉಜ್ಜಿ ತೆಗೆದು, ಸೋರುವ ಜಾಗದ ಸುತ್ತ ಹೆಬ್ಬೆರಳಿನಿಂದ ಒತ್ತಿ ನೋಡಿದರು. ತಗಡು ಬೆರಳಿಗೆ ಬಗ್ಗಿತು. "ಮೈ ಗಟ್ಟಿಯಾಗಿದೆ, ಕೊಳವೆ ಸವೆದುಹೋಗಿದೆ. ಬೆಸುಗೆಯ ಪಕ್ಕಕ್ಕೇ ಇನ್ನೊಂದು ಬೆಸುಗೆ ಬೇಕಾಯಿತು ಅಂದರೆ ಅಲ್ಲಿ ಹಿಡಿದುಕೊಳ್ಳುವುದಕ್ಕೆ ತಾಮ್ರವೇ ಉಳಿದಿಲ್ಲ ಅಂತ ತಿಳಿದುಕೊಳ್ಳಿ" ಎಂದರು. ಬಿಳಿಗಾರ ಹಾಕಿ ಹಿತ್ತಾಳೆ ಕಡ್ಡಿಯಿಂದ ಬೆಸೆಯುವುದು ಅವರಿಗೆ ಸುಲಭದ ಕೆಲಸ, ಕೂಲಿಯೂ ಅಂದೇ ಕೈಸೇರುತ್ತಿತ್ತು. ಆದರೂ ಅದನ್ನು ಮಾಡಲೊಲ್ಲೆನೆಂದು ಹೇಳಿದರು. ಬೆಸೆಯುವ ಉರಿಯ ಕಾವಿಗೆ ಪಕ್ಕದ ತೆಳು ತಗಡು ತೂತು ಬಿದ್ದು, ಮುಚ್ಚಿದ ರಂಧ್ರಕ್ಕಿಂತ ತೆರೆದುಕೊಳ್ಳುವ ರಂಧ್ರವೇ ದೊಡ್ಡದಾಗುತ್ತದೆ ಎಂಬುದು ಅವರ ವಿವರಣೆ. ಈ ಪ್ರಾಮಾಣಿಕತೆಯನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

ಕೊಳವೆ ಏಕೆ ಮೊದಲು ಸವೆಯುತ್ತದೆ ಎಂದು ಕೇಳಿದಾಗ ಅವರು ಹೇಳಿದ ಸಂಗತಿಗಳು ಪ್ರತಿ ಬಾಯ್ಲರ್ ಮನೆಯವರೂ ತಿಳಿದಿರಬೇಕಾದವು. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಹಿಂಬದಿಯಲ್ಲಿ ನೀರಿರುವವರೆಗೆ ಕೊಳವೆಯ ತಗಡು ನೂರು ಡಿಗ್ರಿಯ ಆಸುಪಾಸಿನಲ್ಲೇ ಉಳಿಯುವುದರಿಂದ ಸೌದೆಯ ಉರಿಯಿಂದ ಅದಕ್ಕೆ ಅಪಾಯವಿಲ್ಲ. ನೀರು ಕಡಿಮೆಯಾದಾಗ ಮಾತ್ರ ಮೇಲ್ಭಾಗ ಬರಿ ಬೆಂಕಿಗೆ ಒಡ್ಡಿಕೊಂಡು ಕೆಂಪಾಗಿ, ಮೆತ್ತಗಾಗಿ, ಬಲ ಕಳೆದುಕೊಳ್ಳುತ್ತದೆ. ಸೀಸ ಮತ್ತು ತವರದ ಬೆಸುಗೆ ಹಾಕಿದ ಹಳೆಯ ಬಾಯ್ಲರ್‌ಗಳಲ್ಲಿ ಆ ಬೆಸುಗೆ ಇನ್ನೂರು ಡಿಗ್ರಿ ಮುಟ್ಟುವ ಮೊದಲೇ ಕರಗತೊಡಗುತ್ತದೆ. (ಸೀಸದ ಕಾರಣದಿಂದಲೇ ಅಂಥ ಬಾಯ್ಲರಿನ ಬಿಸಿನೀರನ್ನು ಅಡುಗೆಗೆ ಬಳಸಬಾರದು; ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬೇಗ ಬೇಯಲೆಂದು ಆ ನೀರನ್ನೇ ಬೇಳೆಗೆ ಹಾಕುತ್ತಾರೆ.) ಇನ್ನು ಒಲೆಗೆ ಪ್ಲಾಸ್ಟಿಕ್ ಹಾಕುವ ಅಭ್ಯಾಸ. ಪಿವಿಸಿ ಪೈಪಿನ ತುಂಡು, ವೈರಿನ ಸಿಪ್ಪೆ ಉರಿದಾಗ ಏಳುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ, ಉಸಿರಾಡುವವರ ಎದೆಯನ್ನೂ ಕೆಡಿಸುತ್ತದೆ. ರಾತ್ರಿಯೆಲ್ಲ ಒಲೆಯಲ್ಲೇ ಬಿಟ್ಟ ಬೂದಿ ತೇವ ಹೀರಿ ಕ್ಷಾರವಾಗುತ್ತದೆ. ಕಬ್ಬಿಣದ ಸಲಾಕಿಯಿಂದ ಕೆಂಡ ಕೆದಕುವಾಗ ಕೊಳವೆಯ ಕೆಳಭಾಗಕ್ಕೇ ಪೆಟ್ಟು ಬೀಳುತ್ತದೆ.

ಒಳಗಿನ ಶತ್ರು ಗಡಸು ನೀರು. ನಮ್ಮ ಬಡಾವಣೆಗೆ ಬರುವ ನಲ್ಲಿ ನೀರು ಕಾವೇರಿಯದಾದರೂ, ಬೇಸಿಗೆಯಲ್ಲಿ ಅದು ಸಾಲದಾದಾಗ ನಾವು ಬೋರ್‌ವೆಲ್ ನೀರನ್ನೇ ತುಂಬುತ್ತಿದ್ದೆವು. ಅಂಥ ನೀರು ಕಾದಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು, ಕಾರ್ಬನೇಟಾಗಿ, ಅತಿ ಬಿಸಿಯಾದ ಜಾಗಕ್ಕೇ ಅಂಟಿಕೊಳ್ಳುತ್ತದೆ. ಆ ಬಿಳಿ ಹೆಪ್ಪು ಕಾವನ್ನು ತಾಮ್ರದಷ್ಟು ಸರಾಗವಾಗಿ ದಾಟಿಸುವುದಿಲ್ಲ; ಅದರ ಹಿಂದೆ ಸಿಕ್ಕಿಕೊಂಡ ತಗಡು ನೀರಿನ ತಂಪು ಸಿಗದೆ ಮಿತಿಮೀರಿ ಕಾಯುತ್ತದೆ, ಸೌದೆಯೂ ಹೆಚ್ಚು ಬೇಕಾಗುತ್ತದೆ. ಮಂಡ್ಯದಲ್ಲಿ ಬೋರ್‌ವೆಲ್ ನೀರನ್ನೇ ನೆಚ್ಚಿಕೊಂಡಿರುವ ನಮ್ಮ ನೆಂಟರ ಮನೆಯಲ್ಲಿ ಈ ಹೆಪ್ಪು ಬೆರಳ ದಪ್ಪ ಕೂತಿದ್ದನ್ನು ನಾನೇ ನೋಡಿದ್ದೇನೆ.

ಬದಲಾಯಿಸುವ ಮಾತಿಗೆ ಅಪ್ಪ ಸುಲಭವಾಗಿ ಒಪ್ಪಲಿಲ್ಲ. ನೀರು ಇನ್ನೂ ಕಾಯುತ್ತಿದೆಯಲ್ಲ ಎಂಬುದು ಅವರ ವಾದ. ಆ ವಾದವನ್ನು ನಾನು ಹಗುರವಾಗಿ ಕಾಣಲಿಲ್ಲ, ಏಕೆಂದರೆ ಕೆಲಸಕ್ಕೆ ಬರುವ ವಸ್ತುವನ್ನು ಎಸೆಯದೆ ಬಾಳಿದವರು ಅವರು. ಆದರೆ ನೀರು ಕಾಯುತ್ತಿದೆಯೇ ಎಂಬ ಪ್ರಶ್ನೆ ಸಾಲದು. ಬೆಂಕಿಯ ಮೇಲೆ ನೀರು ಬೀಳುವ ಒಲೆಯಲ್ಲಿ ಸೌದೆ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ, ಚಳಿಯೆಂದು ಕಿಟಕಿ ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ತುಂಬಿಕೊಂಡರೆ, ಸ್ನಾನಕ್ಕೆ ಕೂತವರಿಗೆ ತಲೆಸುತ್ತು ಬಂದು ಪ್ರಾಣಕ್ಕೇ ಕುತ್ತಾಗಬಹುದು. ಎಂಬತ್ತರ ಹತ್ತಿರದ ಅಪ್ಪ ಬೆಳಗಿನ ಜಾವ ಒಬ್ಬರೇ ಎಣ್ಣೆ ಹಚ್ಚಿಕೊಂಡು ಅಲ್ಲಿ ಕೂರುವವರು. ಇದನ್ನು ಬಿಡಿಸಿ ಹೇಳಿದ ಮೇಲೆ ಅವರು ಹೆಚ್ಚು ಮಾತಾಡಲಿಲ್ಲ.

ಹಳೆಯದನ್ನು ಬಿಡಬೇಕೇ ಎಂಬುದು ಒಂದು ಪ್ರಶ್ನೆ, ಅದರ ಬದಲಿಗೆ ಏನನ್ನು ತರಬೇಕು ಎಂಬುದು ಇನ್ನೊಂದು. ಎರಡನ್ನೂ ಒಟ್ಟಿಗೆ ಚರ್ಚಿಸಲು ಕೂತ ಮನೆಗಳಲ್ಲಿ ಯಾವುದೂ ತೀರ್ಮಾನವಾಗುವುದಿಲ್ಲ. ಮೊದಲನೆಯದನ್ನು ತಗಡೇ ಇತ್ಯರ್ಥ ಮಾಡಿತ್ತು. ಗೀಸರಿನ ವಿಷಯದಲ್ಲೂ ಅಳತೆಗೋಲು ಹೀಗೆಯೇ: ಕಾಯಿಸುವ ಎಲಿಮೆಂಟ್, ಥರ್ಮೋಸ್ಟಾಟ್, ತುಕ್ಕನ್ನು ತನ್ನ ಮೇಲೆಳೆದುಕೊಳ್ಳುವ ಮೆಗ್ನೀಸಿಯಂ ಕಡ್ಡಿ, ಒತ್ತಡ ಬಿಡುವ ವಾಲ್ವ್ ಇವನ್ನೆಲ್ಲ ಬದಲಿಸಿ ಮುಂದುವರಿಯಬಹುದು, ಒಳಗಿನ ತೊಟ್ಟಿಯೇ ಸೋರಿದರೆ ರಿಪೇರಿಗೆ ಹಣ ಸುರಿಯಬಾರದು. ಎರಡನೆಯ ಪ್ರಶ್ನೆಗೆ ಲೆಕ್ಕ ಹಾಕಿದೆ. 60 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು ಎರಡೂವರೆ ಯೂನಿಟ್ ವಿದ್ಯುತ್ ಬೇಕು. ನಮ್ಮ ಹಿತ್ತಿಲಿನ ತೆಂಗಿನ ಮರಗಳ ಸೋಗೆ, ಮಟ್ಟೆ, ಕರಟಗಳೇ ಆ ಕೆಲಸವನ್ನು ಖರ್ಚಿಲ್ಲದೆ ಮಾಡುತ್ತಿರುವಾಗ ತಾಮ್ರದ ಬಾಯ್ಲರನ್ನೇ ಮತ್ತೆ ತರುವುದು ನಮಗೆ ಹೊಂದುವ ನಿರ್ಧಾರವಾಗಿತ್ತು. ಮಹಡಿಯ ಮನೆಯಲ್ಲಿ, ಸೌದೆ ಕೊಂಡು ತರುವವರಿಗೆ, ನಾನು ಇದನ್ನು ಹೇಳಲಾರೆ. ಅವರಿಗೆ ಸೋಲಾರ್ ವಾಸಿ.

ಕೊಳವೆಯೊಂದನ್ನೇ ಹೊಸದಾಗಿ ಕೂರಿಸುವ ದಾರಿಯೂ ಇತ್ತು. ಆದರೆ ಮೇಲಿನ ಮತ್ತು ಕೆಳಗಿನ ಅಂಚುಗಳನ್ನೆಲ್ಲ ಬಿಚ್ಚಿ ಮತ್ತೆ ಬೆಸೆಯುವ ಕೂಲಿ, ಹಳೆಯ ತಾಮ್ರವನ್ನು ತೂಕಕ್ಕೆ ಹಾಕಿ ಕಳೆದ ಮೇಲೆ ಹೊಸ ಬಾಯ್ಲರಿಗೆ ಕೊಡಬೇಕಾದ ಮೊತ್ತಕ್ಕೆ ಹತ್ತಿರವೇ ಬಂತು. ತಾಮ್ರದ ಗುಣವೇ ಅದು, ಸತ್ತ ಮೇಲೂ ಬೆಲೆ ಉಳಿಸಿಕೊಂಡಿರುತ್ತದೆ. ಅಂಗಡಿಗೆ ಹಿರಿಯರೂ ಜೊತೆಗೆ ಬಂದರು. ಹೊಳಪನ್ನು ನೋಡಬೇಡಿ, ತೂಕ ಕೇಳಿ ಎಂದರು. ಒಂದೇ ಅಳತೆಯ ಎರಡು ಬಾಯ್ಲರ್‌ಗಳಲ್ಲಿ ಭಾರವಾದದ್ದರ ತಗಡು ದಪ್ಪ. ಕೊಳವೆಯ ದಪ್ಪವನ್ನು ಬೇರೆಯಾಗಿಯೇ ನೋಡಿದೆವು, ಏಕೆಂದರೆ ಹೊರಮೈಯನ್ನು ದಪ್ಪಗೆ ಮಾಡಿ ಕಾಣದ ಕೊಳವೆಯಲ್ಲಿ ಉಳಿತಾಯ ಮಾಡುವ ಮಾಲೂ ಅಲ್ಲಿತ್ತು. ತಳದಲ್ಲಿ ಕೆಸರು ಬಸಿಯಲು ಪ್ರತ್ಯೇಕ ನಲ್ಲಿ ಇದೆಯೇ, ಮೇಲ್ಗಡೆ ಆವಿ ಹೊರಹೋಗುವ ದಾರಿ ತೆರೆದೇ ಇರುತ್ತದೆಯೇ ಎಂದೂ ಪರೀಕ್ಷಿಸಿದರು. ಆ ದಾರಿಗೆ ಯಾರೂ ಬಿರಡೆ ಹಾಕಕೂಡದು; ಆವಿ ಒಳಗೇ ಸಿಕ್ಕಿಕೊಂಡರೆ ಬಾಯ್ಲರ್ ಸಿಡಿಯುತ್ತದೆ.

ಹಬ್ಬದ ಸಂಜೆ ಅಮ್ಮ ಹೊಸ ಬಾಯ್ಲರಿಗೆ ಕಾವೇರಿ ನೀರನ್ನೇ ತುಂಬಿಸಿದರು. ಈಗ ದಿನವೂ ಒಲೆ ಆರಿದ ಮೇಲೆ ಬೂದಿಯನ್ನು ತೆಗೆದು ತೆಂಗಿನ ಬುಡಕ್ಕೆ ಹಾಕುತ್ತೇವೆ, ತಳದ ನಲ್ಲಿಯನ್ನು ಆಗಾಗ ಬಿಟ್ಟು ಕೆಸರು ಹರಿಸುತ್ತೇವೆ, ಬೋರ್‌ವೆಲ್ ನೀರನ್ನು ತೊಳೆಯುವ ಬಳಿಯುವ ಕೆಲಸಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡುವ ಕೆಲಸವನ್ನು ಯುಗಾದಿಗೂ ಒಮ್ಮೆ ಮಾಡಬೇಕೆಂದು ಮನೆಯಲ್ಲಿ ಗೊತ್ತುಮಾಡಿಕೊಂಡಿದ್ದೇವೆ.