‘ತಮಾಷೆ’ ಕನ್ನಡದ್ದೇನ್ರೀ?

ಪದಗಳ ಬೆನ್ನು ಹತ್ತುವ ಚಟ ನನಗಿದೆ ಅಂತ ಗೊತ್ತಾದವರು ಇದನ್ನು ಕೇಳದೆ ಬಿಡುವುದಿಲ್ಲ: ‘ತಮಾಷೆ ಕನ್ನಡದ್ದೇನ್ರೀ? ಅಲ್ಲದಿದ್ದರೆ ಅಚ್ಚಗನ್ನಡದಲ್ಲಿ ಏನನ್ನಬೇಕು?’

ಹುಟ್ಟಿದ್ದು ಕನ್ನಡದಲ್ಲಲ್ಲ, ಅರಬ್ಬಿಯಲ್ಲಿ. ಅಲ್ಲಿ ಅದರ ಧಾತುವಿಗೆ ‘ನಡೆ’ ಎಂದರ್ಥ. ಜೊತೆಯಾಗಿ ಅಡ್ಡಾಡುವುದನ್ನು ಹೇಳುವ ರೂಪ ಪಾರಸಿಗೆ ಹೋಗಿ ‘ತಮಾಶಾ’ ಆಯಿತು. ಅಡ್ಡಾಡಲು ಹೊರಟವರು ಸುಮ್ಮನೆ ನಡೆಯುತ್ತಾರೆಯೇ? ಕಂಡದ್ದನ್ನೆಲ್ಲ ನಿಂತು ನೋಡುತ್ತಾರೆ. ಹೀಗಾಗಿ ಪಾರಸಿಯಲ್ಲಿ ಅದಕ್ಕೆ ನೋಡುವುದು, ನೋಟ ಎಂಬ ಅರ್ಥ ನಿಂತಿತು. ಇರಾನಿನಲ್ಲಿ ಇವತ್ತಿಗೂ ಟಿವಿ ನೋಡುವುದಕ್ಕೆ ‘ತಮಾಶಾ ಕರ್ದನ್’ ಎನ್ನುತ್ತಾರೆ, ಧಾರಾವಾಹಿ ಎಷ್ಟೇ ಗೋಳಿನದಿರಲಿ. ಮರಾಠಿಯಲ್ಲಿ ಅದು ಲಾವಣಿ, ಢೋಲಕಿಗಳ ಜನಪದ ರಂಗಭೂಮಿ. ಮಲಯ ಭಾಷೆಯಲ್ಲಿ ‘ತೆಮಾಸ್ಯ’ ಎಂದರೆ ಉತ್ಸವ.

1686ರವರೆಗೆ ಬಿಜಾಪುರವನ್ನಾಳಿದ ಆದಿಲಶಾಹಿಗಳ ಕಚೇರಿ, ಮರಾಠರ ಆಡಳಿತ, ಟಿಪ್ಪುವಿನ ದಫ್ತರ ಇವೆಲ್ಲ ಪಾರಸಿ ಪದಗಳು ನಮ್ಮಲ್ಲಿಗೆ ಬಂದ ದಾರಿಗಳು. ಬಂದವುಗಳ ಬಾಲ ಕನ್ನಡ ಬಾಯಲ್ಲಿ ಬದಲಾಯಿತು: ಖಜಾನಾ ಖಜಾನೆಯಾಯಿತು, ಕಾರ್ಖಾನಾ ಕಾರ್ಖಾನೆಯಾಯಿತು, ತಮಾಶಾ ತಮಾಷೆಯಾಯಿತು. ಧಾರವಾಡದ ಕಡೆ ‘ಮನೆ’ ‘ಮನಿ’ ಆದಂತೆ ಇದೂ ‘ತಮಾಷಿ’.

ನನಗೆ ಮಜಾ ಅನ್ನಿಸುವುದು ಮುಂದಿನದು. ‘ತಮಾಷೆ ಮಾಡು’ ಅಂದರೆ ನಗಿಸು, ಕಾಲೆಳೆ. ಇದು ನಾವು ಬೆಳೆಸಿಕೊಂಡ ಅರ್ಥ. ಆದರೆ ಸಂತೆಯಲ್ಲಿ ಇಬ್ಬರು ಅಂಗಿ ಹಿಡಿದು ಬಡಿದಾಡುತ್ತಿರುವಾಗ ಯಾರೋ ಹಿರಿಯರು ‘ತಮಾಷೆ ನೋಡ್ತಾ ನಿಂತೀರಲ್ರೋ, ಬಿಡಿಸ್ರೋ!’ ಎಂದು ಗದರುತ್ತಾರೆ. ಅಲ್ಲಿ ಯಾರೂ ನಗುತ್ತಿಲ್ಲ. ಆ ‘ನೋಡು’ವಿನ ಪಕ್ಕದಲ್ಲಿ ಪಾರಸಿಯ ಹಳೇ ಅರ್ಥ ಅಲುಗಾಡದೆ ಕೂತಿದೆ. ಒಂದೇ ಪದ, ಕ್ರಿಯಾಪದ ಬದಲಾದರೆ ಊರೇ ಬದಲು.

ಇನ್ನು ಅಚ್ಚಗನ್ನಡದ ಮಾತು. ವಿನೋದ, ಪರಿಹಾಸ ಎನ್ನುವವರಿದ್ದಾರೆ. ಅವು ಸಂಸ್ಕೃತದವು, ಸಾಲ ತೀರಿಸಲು ಇನ್ನೊಂದು ಸಾಲ. ಗೇಲಿಯಲ್ಲಿ ಮುಳ್ಳಿದೆ. ಕೀಟಲೆಗೆ ಕೈ ಸುಮ್ಮನಿರುವುದಿಲ್ಲ. ‘ನಗೆಯಾಟ’ ಅಂತ ಕಟ್ಟಿಕೊಳ್ಳಬಹುದು, ಬೇಡ ಅನ್ನುವುದಿಲ್ಲ. ಆದರೆ ಚೌಲ್ಟ್ರಿ ಬಾಡಿಗೆ ಕೇಳಿ ಬೆವರೊರೆಸಿಕೊಂಡ ಅಪ್ಪ ‘ಮಗಳ ಮದುವೆ ಮಾಡೋದಂದ್ರೆ ನಗೆಯಾಟಾನೇನಯ್ಯಾ?’ ಎಂದು ಕೇಳಿದ್ದನ್ನು ನಾನಂತೂ ಕೇಳಿಲ್ಲ.